ಬೋಗಾದಿಯ ಬಿಸಿನೀರ ತೊಟ್ಟಿ — ಕಂತು ಆರು: ಸೋರಿದ್ದು ಎಲ್ಲಿಂದ?

“ಪಂಪು ಮುಟ್ಟಬ್ಯಾಡಿ! ಆ ರೆಂಚು ಕೆಳಗಿಡಿ ಮೊದಲು!”

ಧರಣಿ ಮೊಪೆಡ್ಡನ್ನು ಸ್ಟ್ಯಾಂಡಿಗೂ ಹಾಕಲಿಲ್ಲ. ಕಾಂಪೌಂಡಿಗೆ ಒರಗಿಸಿ, ಟೂಲ್ ಬ್ಯಾಗನ್ನು ಎದೆಗವಚಿಕೊಂಡು ಮನೆಯ ಪಕ್ಕದ ಓಣಿಯಲ್ಲಿ ಹಿಂದಕ್ಕೆ ಓಡಿದಳು.

ಹಿಂದಿನ ವರಾಂಡದಲ್ಲಿ ಬನ್ನಿಮಂಟಪದ ಗುಜರಿಯವರಿಬ್ಬರು ತೊಟ್ಟಿಯ ಪಕ್ಕದ ಹಲಗೆಗಳನ್ನು ಆಗಲೇ ಬಿಚ್ಚಿ ಗೋಡೆಗೆ ನಿಲ್ಲಿಸಿದ್ದರು. ಅವರಲ್ಲೊಬ್ಬ ಪಂಪಿನ ಮೇಲೆ ಬಗ್ಗಿದ್ದವನು ತಲೆಯೆತ್ತಿ ನೋಡಿದ. ಬೀದಿಯಲ್ಲಿ ಅವರ ಟೆಂಪೋ ಹಿಂಬಾಗಿಲು ತೆರೆದುಕೊಂಡು ಕಾಯುತ್ತಿತ್ತು.

“ಯಾರಮ್ಮ ನೀನು? ಯಾರು ಒಳಗೆ ಬಿಟ್ಟಿದ್ದು?” ಅಡುಗೆಮನೆಯ ಬಾಗಿಲಲ್ಲಿ ಸಿದ್ದಲಿಂಗಸ್ವಾಮಿ ನಿಂತಿದ್ದರು. ಮನೆಯ ಯಜಮಾನ ಏಕಾಂತಯ್ಯನವರ ತಮ್ಮ. ವಯಸ್ಸು ಐವತ್ತರ ಮೇಲೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬೀಗದ ಕೈ ಗೊಂಚಲು.

“ನಾನು ಬಿಟ್ಟಿದ್ದು,” ಎಂಬ ದನಿ ಧರಣಿಯ ಬೆನ್ನ ಹಿಂದಿನಿಂದ ಬಂತು.

ಸಬ್ ಇನ್‌ಸ್ಪೆಕ್ಟರ್ ಬಿಂದುಮಾಧವ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ ಓಣಿಯಿಂದ ಬಂದರು. “ಸ್ವಾಮಿಯವ್ರೆ, ಇದು ಕೇಸಿನಲ್ಲಿರೋ ವಸ್ತು. ನನ್ನ ಕೇಳದೆ ಗುಜರಿಗೆ ಹಾಕೋಕೆ ಹೆಂಗೆ ಹೊರಟ್ರಿ?”

“ಅತ್ತಿಗೆ ಇದನ್ನ ಕಣ್ಣಿಂದ ನೋಡಕ್ಕಾಗಲ್ಲ ಅಂದ್ರು ಸಾರ್. ಮನೇಲಿ ಇಟ್ಕೊಂಡು ಏನ್ ಮಾಡೋದು?”

ಸೋಮವಾರ ಬೆಳಗ್ಗೆ ಈ ತೊಟ್ಟಿಯ ನೀರಿಗೆ ಕೈಯಿಟ್ಟ ಊದುಬತ್ತಿ ವ್ಯಾಪಾರಿ ಏಕಾಂತಯ್ಯನವರಿಗೆ ಕರೆಂಟು ಹೊಡೆದು, ಅವರು ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರು. ಶನಿವಾರ ಪಂಪು ರಿಪೇರಿ ಮಾಡಿ ಹೋಗಿದ್ದ ಧರಣಿಯ ಅಣ್ಣ ಮನೋಹರ್ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ.

“ನಾಲ್ಕು ಗಂಟೆಗೆ ನಿಮ್ಮಣ್ಣನ್ನ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು,” ಬಿಂದುಮಾಧವ ಗಡಿಯಾರ ನೋಡಿದರು. “ಈಗ ಹನ್ನೊಂದು. ಒಂದು ಗಂಟೆ ಟೈಮ್ ಕೊಡ್ತೀನಿ. ನೀವೇನು ನೋಡಿದ್ರೂ ನನ್ನ ಮುಂದೆ ನೋಡ್ಬೇಕು. ಏನು ಮುಟ್ಟಿದ್ರೂ ನನಗೆ ಹೇಳಿ ಮುಟ್ಟಬೇಕು.”

“ಸಾಕು ಸಾರ್. ಮೊದಲು ಮೇನ್ ಫ್ಯೂಸ್ ಕಿತ್ತು ನಿಮ್ಮ ಜೇಬಲ್ಲೇ ಇಟ್ಕೊಳ್ಳಿ.”

ಅವರು ಹಾಗೇ ಮಾಡಿದರು. ಧರಣಿ ಟೆಸ್ಟರ್ ಹಿಡಿದು ಮೂರು ಕಡೆ ಮುಟ್ಟಿಸಿ ನೋಡಿದಳು. ದೀಪ ಹತ್ತಲಿಲ್ಲ. ಆಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಯ ಪಕ್ಕದಲ್ಲಿ ಅಂಗಾತ ಮಲಗಿ, ತಲೆಯನ್ನು ಪಂಪಿನ ಕೆಳಕ್ಕೆ ತೂರಿಸಿದಳು.

ಅವಳಿಗೆ ಮೂವತ್ನಾಲ್ಕು. ರಾಜೀವನಗರದಲ್ಲಿ ಅಪ್ಪ ಸಣ್ಣಮಾದಯ್ಯ ಕಟ್ಟಿದ ಮೋಟರ್ ರಿಪೇರಿ ಅಂಗಡಿಯನ್ನು ಅವಳೂ ಮನೋಹರನೂ ನಡೆಸುತ್ತಿದ್ದರು. ಹಾಳಾದ ಮೋಟರು ಅವಳಿಗೆ ಹೊಸದಲ್ಲ. ಆದರೆ ಅಣ್ಣನ ಕೈಕೆಲಸದಲ್ಲಿ ತಪ್ಪು ಹುಡುಕಲು ಮಲಗಿದ್ದು ಇದೇ ಮೊದಲು. ಅವಳು ಟಾರ್ಚು ಹತ್ತಿಸಿದಳು.

ತೊಟ್ಟಿ ದೊಡ್ಡದು, ನಾಲ್ಕು ಜನ ಎದುರುಬದುರು ಕೂರಬಹುದು. ಬಿಸಿನೀರನ್ನು ಸುತ್ತಿಸಿ ಸುತ್ತಿಸಿ ಮೈಗೆ ರಭಸದಿಂದ ಹೊಡೆಸುವ ಪಂಪು ಅದರ ಹೊಟ್ಟೆಯ ಕೆಳಗೆ ಕೂತಿತ್ತು. ಪಂಪಿನ ಕೆಳಗೆ ಸಿಮೆಂಟ್ ನೆಲ ಒದ್ದೆ. ಟಪ್, ಟಪ್ ಎಂದು ಎಲ್ಲಿಂದಲೋ ಹನಿ ಬೀಳುತ್ತಲೇ ಇತ್ತು.

“ನಿಮ್ಮ ರಿಪೋರ್ಟಲ್ಲಿ ಏನಂತಿದೆ ಸಾರ್?”

ಬಿಂದುಮಾಧವ ಕಾಗದ ತೆಗೆದು ಓದಿದರು. “ಪಂಪಿನ ಒಳಗಿನ ಸೀಲು ಸವೆದು ತಿಂಗಳುಗಟ್ಟಲೆ ನೀರು ಸೋರಿದೆ. ಮೆಕ್ಯಾನಿಕ್ ಸರಿಪಡಿಸಿಲ್ಲ. ನೀರು ಮೋಟರಿಗೆ ಹೊಕ್ಕು ಕರೆಂಟು ನೀರಿಗೆ ಇಳಿದಿದೆ. ನಿರ್ಲಕ್ಷ್ಯ.”

“ಬರೆದೋರು ಈ ಪಂಪಿನ ಕೆಳಗೆ ತಲೆ ಹಾಕಿದ್ರಾ?”

ಧರಣಿ ಉಗುರಿನಿಂದ ಪಂಪಿನ ಮೈ ಕೆರೆದು ಬೆರಳನ್ನು ಹೊರಗೆ ಚಾಚಿದಳು. “ನೋಡಿ ಸಾರ್. ಬೋಗಾದಿ ಕಡೆ ಬೋರ್‌ವೆಲ್ ನೀರು ಗಡಸು. ಸೋರಿದ ಕಡೆ ಸುಣ್ಣದ ಥರ ಬಿಳಿ ಕಟ್ಟುತ್ತೆ. ಆ ಹೀಟರ್ ಜಾಯಿಂಟ್ ನೋಡಿ, ಹೋದ ವರ್ಷ ಸೋರಿದ್ದು. ಒಂದು ಕಾಳು ದಪ್ಪ ಬಿಳಿ ಗಟ್ಟಿಯಾಗಿ ಕೂತಿದೆ. ಇಲ್ಲಿ ನೋಡಿ. ಹಾಲಿನ ಕೆನೆಯಷ್ಟು ತೆಳು. ಉಗುರು ತಾಕಿದ್ರೆ ಏಳ್ತದೆ.”

“ಅಂದ್ರೆ?”

“ಇದು ತಿಂಗಳಿಂದ ಸೋರಿದ್ದಲ್ಲ ಸಾರ್. ಮೂರೋ ನಾಲ್ಕೋ ದಿನ ಅಷ್ಟೇ!”

ಅವಳು ಹೊರಗೆ ಬಂದು ಎದ್ದು ಕುಳಿತಳು. ಅಡುಗೆಯ ಪಾರ್ವತಮ್ಮ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಸೋಮವಾರ ಯಜಮಾನರ ಕೂಗು ಕೇಳಿ ಓಡಿಬಂದು ಮೇನ್ ಸ್ವಿಚ್ ಎಳೆದವಳು ಅವಳೇ.

“ಪಾರ್ವತಮ್ಮ, ಈ ತೊಟ್ಟೀಗೆ ಎಷ್ಟು ದಿನಕ್ಕೊಂದ್ಸಲ ನೀರು ಸೇರಿಸ್ತಿದ್ರಿ?”

“ಹದಿನೈದು ದಿನಕ್ಕೊಂದ್ಸಲ ಕಣವ್ವ. ಎರಡು ಬಿಂದಿಗೆ ಸಾಕಾಗೋದು.”

“ಈಗ ನೋಡಿ, ಎಷ್ಟು ಇಳಿದದೆ?”

ಪಾರ್ವತಮ್ಮ ತೊಟ್ಟಿಯೊಳಗೆ ಇಣುಕಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ, ಗೇಣುದ್ದ ಇಳಿದೋಗದೆ!”

“ಕೇಳಿದ್ರಾ ಸಾರ್? ತಿಂಗಳುಗಟ್ಟಲೆ ಇಂಗೆ ಸೋರಿದ್ರೆ ಪಾರ್ವತಮ್ಮ ದಿನಾ ನೀರು ಹೊರಬೇಕಾಗಿತ್ತು.”

ಬಿಂದುಮಾಧವ ತಮ್ಮ ಕಾಗದವನ್ನು ಮತ್ತೊಮ್ಮೆ ನೋಡಿ, ಮಡಚಿ, ಜೇಬಿಗಿಟ್ಟು ನೋಟ್‌ಬುಕ್ ತೆಗೆದರು. ಗುಜರಿಯವರಿಬ್ಬರೂ ರೆಂಚು ಬದಿಗಿಟ್ಟು ಕುಕ್ಕರುಗಾಲಲ್ಲಿ ಕೂತು ನೋಡತೊಡಗಿದ್ದರು.

“ಸೋರಿದ್ದು ಯಾವಾಗಿಂದ ಅಂತ ಗೊತ್ತಾಯ್ತು,” ಎಂದಳು ಧರಣಿ. “ಎಲ್ಲಿಂದ ಅಂತ ಈಗ ನೋಡೋಣ. ಪಾರ್ವತಮ್ಮ, ಒಂದು ಹಿಡಿ ರಂಗೋಲಿ ಪುಡಿ ಕೊಡಿ. ಹಳೇ ಬಟ್ಟೆ ಇದ್ರೆ ಕೊಡಿ.”

ಅವಳು ಎರಡೂ ಕಡೆಯ ಗೇಟ್‌ವಾಲ್ವು ಮುಚ್ಚಿದಳು. ಹನಿ ನಿಂತಿತು. ಪಂಪು, ಪೈಪು, ಜಾಯಿಂಟು ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, ಅಂಗೈಯಲ್ಲಿ ಪುಡಿ ಹಿಡಿದು ಊದಿದಳು. ಪಂಪಿನ ಮೈಯೆಲ್ಲ ಬೆಳ್ಳಗಾಯಿತು.

“ಈಗ ವಾಲ್ವು ತೆಗೀತೀನಿ. ಎಲ್ಲಿ ಪುಡಿ ಮೊದಲು ನೆನೆಯುತ್ತೋ ಅಲ್ಲಿ ತೂತು. ಸೀಲು ಹೋಗಿದ್ರೆ ಮೋಟರೂ ಪಂಪೂ ಸೇರೋ ಈ ಸಂದಿಯಲ್ಲಿ ನೆನೀಬೇಕು. ಬಗ್ಗಿ ನೋಡಿ ಸಾರ್.”

ಸಬ್ ಇನ್‌ಸ್ಪೆಕ್ಟರು ಪ್ಯಾಂಟಿನ ಮಂಡಿ ಒದ್ದೆಯಾಗುವುದನ್ನೂ ಲೆಕ್ಕಿಸದೆ ನೆಲಕ್ಕೆ ಮಂಡಿಯೂರಿದರು. ಧರಣಿ ವಾಲ್ವು ತಿರುವಿದಳು. ಒಳಗೆ ನೀರು ಗುಳುಗುಳು ಎಂದಿತು.

ಒಂದು ನಿಮಿಷ. ಸಂದಿ ಒಣಗೇ ಇತ್ತು.

ಎರಡು ನಿಮಿಷ.

“ಅಲ್ಲಿ!” ಬಿಂದುಮಾಧವರೇ ಕೂಗಿದರು. “ಮೇಲೆ! ಮೇಲೆ ನೋಡಿ!”

ಪಂಪಿನಿಂದ ನೀರು ಹೊರಡುವ ಪೈಪಿನ ಯೂನಿಯನ್ ಕೆಳಗೆ ಪುಡಿ ಬೂದುಬಣ್ಣಕ್ಕೆ ತಿರುಗಿತ್ತು. ಕೈಯಲ್ಲೇ ತಿರುಗಿಸಿ ಪೈಪನ್ನು ಪಂಪಿಗೆ ಜೋಡಿಸುವ, ಮುಷ್ಟಿ ಗಾತ್ರದ ಪ್ಲಾಸ್ಟಿಕ್ ನಟ್ಟು ಅದು. ಅದರಡಿಯಲ್ಲಿ ಹನಿ ಕಟ್ಟಿ, ಉಬ್ಬಿ, ನೇರವಾಗಿ ಮೋಟರಿನ ತಂತಿಪೆಟ್ಟಿಗೆಯ ಮೇಲೆ ಬಿತ್ತು.

“ಸೀಲಲ್ಲ!” ಧರಣಿ ಬೆರಳು ಮಾಡಿ ತೋರಿಸಿದಳು. “ಸೀಲಲ್ಲ ಸಾರ್. ಯೂನಿಯನ್ನು.”

ಅವಳು ಮತ್ತೆ ವಾಲ್ವು ಮುಚ್ಚಿದಳು. ನಟ್ಟಿನ ಮೈಮೇಲೆ ಟಾರ್ಚು ಹಿಡಿದಳು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ನಾಲ್ಕು ಕಚ್ಚು. ರೆಂಚಿನ ಹಲ್ಲು ಕಚ್ಚಿ ಎಳೆದ ಹಸಿ ಗಾಯ.

“ಇದನ್ನ ನಾವು ಯಾವತ್ತೂ ರೆಂಚಲ್ಲಿ ಬಿಚ್ಚಲ್ಲ. ಕೈಯಲ್ಲೇ ಬಿಚ್ಚೋದು. ಬಿಗಿಯಾಗಿದ್ರೆ ಬಟ್ಟೆ ಸುತ್ಕೊಂಡು. ಪಂಪು ಬಿಚ್ಚಿ ಅಭ್ಯಾಸ ಇಲ್ಲದೋರು ಮಾಡಿರೋದು ಇದು. ನೀವೇ ಬಿಚ್ಚಿ ಸಾರ್. ನಾನು ಮುಟ್ಟಲ್ಲ.”

ಬಿಂದುಮಾಧವ ಕೈವಸ್ತ್ರ ಸುತ್ತಿ ತಿರುಗಿಸಿದರು. ನಟ್ಟು ಸಲೀಸಾಗಿ ಬಂತು. ಒಳಗೆ ಕೂತಿದ್ದ ರಬ್ಬರ್ ರಿಂಗನ್ನು ಅವರು ಪೆನ್ನಿನ ತುದಿಯಿಂದ ಎತ್ತಿದರು. ಹೊಸ ರಿಂಗು, ಇನ್ನೂ ದುಂಡಗೆ, ಮೆತ್ತಗೆ, ಹೊಳೆಯುತ್ತಿತ್ತು. ಒಂದು ಕಡೆ ಮಾತ್ರ ಬ್ಲೇಡಿನಲ್ಲಿ ಕೊಯ್ದಂತೆ ನೆಟ್ಟಗೆ ಅರ್ಧದವರೆಗೆ ಸೀಳಿತ್ತು.

“ಹಳೇದಾದ ರಬ್ಬರು ಚಪ್ಪಟೆಯಾಗುತ್ತೆ, ಬಿರುಕು ಬಿಡುತ್ತೆ. ಇದು ಶನಿವಾರ ನಮ್ಮಣ್ಣ ಹಾಕಿದ ಹೊಸ ರಿಂಗು. ಇದನ್ನ ಬೇಕೂಂತಲೇ ಯಾರೋ ಕುಯ್ದವ್ರೆ.”

ಪಾರ್ವತಮ್ಮ “ಶಿವಶಿವಾ” ಎಂದಳು.

ಬಿಂದುಮಾಧವರ ದನಿ ಬದಲಾಗಿತ್ತು. “ಬರೀ ನೀರು ಸೋರಿದ್ರೆ ಕರೆಂಟು ಹೊಡೆಯುತ್ತಾ?”

“ಹೊಡೀಬಾರ್ದು. ಅರ್ತ್ ವೈರು ಇರುತ್ತೆ. ಅದೂ ಸಾಲದು ಅಂತ ಗೋಡೆ ಮೇಲೆ ಆ ಇಎಲ್‌ಸಿಬಿ ಇದೆ ನೋಡಿ. ಕರೆಂಟು ಒಂದು ಚೂರು ಸೋರಿದ್ರೂ ಲೈನು ಕತ್ತರಿಸ್ಬೇಕು. ಸೋಮವಾರ ಯಾಕೆ ಕತ್ತರಿಸಲಿಲ್ಲ?”

ಅವಳು ಮೋಟರಿನ ತಂತಿಪೆಟ್ಟಿಗೆಯ ಮುಚ್ಚಳ ತೆಗೆದಳು. ಹಸಿರು ಬಣ್ಣದ ಅರ್ತ್ ತಂತಿ ಇರಬೇಕಾದ ಜಾಗದಲ್ಲಿ ಬರೀ ಸ್ಕ್ರೂ ಇತ್ತು. ತಂತಿಯನ್ನು ಗೇಣಿಗಿಂತ ಉದ್ದ ಕತ್ತರಿಸಿ, ಉಳಿದದ್ದನ್ನು ಹಿಂದಕ್ಕೆ ಮಡಚಿ ಮರೆಮಾಡಿದ್ದರು.

ಗೋಡೆಯ ಪೆಟ್ಟಿಗೆ ಬಿಚ್ಚಿದಾಗ ಕಾಣೆಯಾದ ತುಂಡು ಸಿಕ್ಕಿತು. ಅದೇ ಹಸಿರು ತಂತಿಯನ್ನು ಎರಡು ತುಂಡು ಮಾಡಿ, ಇಎಲ್‌ಸಿಬಿ ಇದ್ದೂ ಇಲ್ಲದಂತೆ ಮಾಡಿಟ್ಟಿದ್ದರು. ಒಂದು ಎಳೆಯೂ ಹೊರಗೆ ಚಾಚದ, ಅಚ್ಚುಕಟ್ಟಾದ ಕೆಲಸ.

ಧರಣಿ ಟಾರ್ಚನ್ನು ಹತ್ತಿರ ಹಿಡಿದು ಅದನ್ನೇ ಮತ್ತೊಮ್ಮೆ ನೋಡಿದಳು.

“ಏನಮ್ಮ?” ಎಂದರು ಬಿಂದುಮಾಧವ.

“ಸಾರ್, ಇದು ಒಬ್ಬರ ಕೈಕೆಲಸ ಅಲ್ಲ. ಯೂನಿಯನ್ ಬಿಚ್ಚಿದೋರಿಗೆ ಪೈಪು ಹೆಂಗೆ ಹಿಡೀಬೇಕು ಅಂತಾನೂ ಗೊತ್ತಿಲ್ಲ. ಈ ತಂತಿ ಕಟ್ಟಿದೋರು ಕೆಲಸ ಕಲಿತೋರು. ಇಬ್ಬರು ಸೇರಿ ಮಾಡವ್ರೆ. ಕರೆಂಟು ಮೋಟರಿನ ಮೈಗೆ ಬಂದು, ಅಲ್ಲಿಂದ ನೀರಿಗೆ ಇಳೀಲಿ ಅಂತ ಲೆಕ್ಕ ಹಾಕಿ ಮಾಡವ್ರೆ. ನಿರ್ಲಕ್ಷ್ಯ ಅಲ್ಲ ಇದು. ಕೊಲೆ ಮಾಡೋಕೆ ಹೊರಟದ್ದು!”

ಸಿದ್ದಲಿಂಗಸ್ವಾಮಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಧರಣಿ ಅವರ ಕಡೆ ತಿರುಗಿದಳು. ಇಷ್ಟು ಹೊತ್ತು ತಡೆದಿದ್ದೆಲ್ಲ ಅವಳ ನಾಲಿಗೆಗೆ ಬಂತು.

“ಯಜಮಾನ್ರೆ, ಈ ವರಾಂಡದ ಗ್ರಿಲ್ಲಿನ ಬೀಗ ಯಾರೂ ಒಡೆದಿಲ್ಲ. ಕೀ ಎಷ್ಟವೆ?”

“ಎರಡು.”

“ಎಲ್ಲೆಲ್ಲಿ?”

“ಒಂದು ಅಡುಗೆಮನೆ ಮೊಳೇಲಿ. ಒಂದು… ನನ್ನ ಹತ್ತಿರ.” ಅವರ ಕೈಯ ಗೊಂಚಲು ಕಿಣಿ ಎಂದಿತು.

“ಭಾನುವಾರ ಇಲ್ಲಿ ಯಾರಿದ್ರು?”

“ಯಾರೂ ಇಲ್ಲ. ಎಲ್ಲಾ ಮಠಕ್ಕೆ ಹೋಗಿದ್ವಿ. ಬೆಳಗ್ಗೆ ಹೋದೋರು ಸಂಜೆ ಬಂದದ್ದು. ಪಾರ್ವತಮ್ಮಾನೂ ಬಂದಿದ್ಲು. ಏನು, ನನ್ನ ವಿಚಾರಣೆ ಮಾಡ್ತಿದ್ದೀಯಾ ನೀನು?”

“ಗುಜರಿ ಟೆಂಪೋಗೆ ಯಾವಾಗ ಹೇಳಿದ್ರಿ?”

ಕೂತಿದ್ದ ಗುಜರಿಯವರಲ್ಲೊಬ್ಬ ನಡುವೆ ಬಾಯಿ ಹಾಕಿದ. “ಮಂಗಳವಾರ ಬೆಳಗ್ಗೆನೇ ಹೇಳಿದ್ರಕ್ಕ. ಅವತ್ತೇ ಬನ್ನಿ ಅಂದ್ರು. ನಮಗೆ ಟೆಂಪೋ ಸಿಗಲಿಲ್ಲ.”

“ಮಂಗಳವಾರ!” ಧರಣಿ ಒಂದು ಹೆಜ್ಜೆ ಮುಂದಿಟ್ಟಳು. “ನಿಮ್ಮಣ್ಣ ಆಸ್ಪತ್ರೆ ಸೇರಿ ಒಂದು ದಿನ ಆಗಿತ್ತು. ಅವರು ಉಳೀತಾರೋ ಇಲ್ವೋ ಗೊತ್ತಿಲ್ಲ. ನಿಮಗೆ ಪಂಪು ಸಾಗಹಾಕೋ ಅವಸರ. ಪಂಪಿನ ಮೇಲೆ ಕಂಪನಿ ಹೆಸರಿನ ತಗಡು ಇರುತ್ತೆ. ಅದನ್ನ ಯಾರೋ ಅರ ಹಾಕಿ ಉಜ್ಜಿದಾರೆ. ಅದ್ಯಾರು?”

“ಅದು…”

“ಹೇಳಿ ಸ್ವಾಮಿ,” ಎಂದರು ಬಿಂದುಮಾಧವ.

“ಅದು ನಾನೇ ಉಜ್ಜಿದ್ದು. ಎರಡು ವರ್ಷದ ಹಿಂದೆ.” ಸಿದ್ದಲಿಂಗಸ್ವಾಮಿಯವರ ಕಿವಿಗಳು ಕೆಂಪಾದವು. “ಹೊಸ ತೊಟ್ಟಿ, ವಿದೇಶದಿಂದ ತರಿಸಿದ್ದು ಅಂತ ಅಣ್ಣಂಗೆ ಹೇಳಿದ್ದೆ. ಮುಚ್ಚಿಹೋದ ಒಂದು ಹೋಟಲಿಂದ ಹಳೇದನ್ನ ತಂದು ಕೂರಿಸಿದ್ದು ನಾನು. ಅದೇ ಹಳೇ ಪಂಪಿಂದ ಅಣ್ಣಂಗೆ ಹಿಂಗಾಯ್ತು ಅಂತ ಗೊತ್ತಾದ್ರೆ ಅತ್ತಿಗೆ ಮುಖ ಹೆಂಗೆ ನೋಡಲಿ ನಾನು? ಅದಕ್ಕೇ ಸಾಗಹಾಕೋಕೆ ಹೋದೆ.”

“ಅಷ್ಟೇನಾ? ಕೀ ನಿಮ್ಮ ಹತ್ತಿರ. ಗುಜರಿಯವರನ್ನ ಕರೆಸಿದ್ದು ನೀವು. ನಿಮ್ಮಣ್ಣ ಹೋದ್ರೆ ಈ ಮನೆಗೆ ಯಜಮಾನ್ರು ನೀವು. ಅವರು ಬೆಳಗ್ಗೆ ನೀರಿಗೆ ಇಳೀತಾರೆ ಅಂತ ಗೊತ್ತಿದ್ದೂ…”

“ನಿಲ್ಲಿಸು!” ಸಿದ್ದಲಿಂಗಸ್ವಾಮಿ ಗರ್ಜಿಸಿದರು. ಕಣ್ಣಲ್ಲಿ ನೀರು ತುಂಬಿತ್ತು. “ಅಣ್ಣನ್ನ ಕೊಲ್ಲೋಕೆ ನಾನು ಈ ತೊಟ್ಟೀಗ್ಯಾಕೆ ಕೈ ಹಾಕ್ಲಿ? ಅಣ್ಣ ಇದರಲ್ಲಿ ಒಂದು ದಿನಾನೂ ಇಳಿದೋನಲ್ಲ! ಇದು ಅತ್ತಿಗೆಗೆ ಅಂತ ತಂದದ್ದು!”

ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವರಿಗೇ ತಟ್ಟಿತು.

ಧರಣಿ ನಿಧಾನವಾಗಿ ತೊಟ್ಟಿಯ ಕಡೆ ನೋಡಿದಳು. ಗೋಡೆಗೆ ಹಾಕಿದ್ದ ಹಿಡಿಕಂಬಿ ತೀರಾ ಕೆಳಗಿತ್ತು. ಆರಡಿ ಎತ್ತರದ ಏಕಾಂತಯ್ಯನವರ ಸೊಂಟಕ್ಕೂ ಬಾರದಷ್ಟು ಕೆಳಗೆ.

“ದಿನಾ ಬೆಳಗ್ಗೆ ಆರಕ್ಕೆ ಇಳೀತಿದ್ದೋಳು ನಾನೇ ಕಣಮ್ಮ.”

ಎಲ್ಲರೂ ತಿರುಗಿದರು. ಪಾರ್ವತಮ್ಮನ ಹಿಂದೆ, ಅಡುಗೆಮನೆಯ ಮಬ್ಬಿನಲ್ಲಿ, ಏಕಾಂತಯ್ಯನವರ ಹೆಂಡತಿ ಮಹದೇವಮ್ಮ ನಿಂತಿದ್ದರು. ಆಸ್ಪತ್ರೆಯಿಂದ ಬಟ್ಟೆ ಬದಲಿಸಲು ಈಗಷ್ಟೇ ಬಂದಿದ್ದರು. ಸಣ್ಣ ಆಕಾರ, ಬಾತ ಬೆರಳುಗಳು, ಮೂರು ದಿನದಿಂದ ನಿದ್ದೆಯಿಲ್ಲದ ಕಣ್ಣು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ ಯಾರಿಗೂ ತಿಳಿಯಲಿಲ್ಲ.

ಸಿದ್ದಲಿಂಗಸ್ವಾಮಿ ಓಡಿಹೋಗಿ ಕುರ್ಚಿ ತಂದರು. “ಅತ್ತಿಗೆ, ಕೂತ್ಕೊಳ್ಳಿ. ನೀವು ಇದನ್ನೆಲ್ಲ ಕೇಳಬಾರದು.”

“ಕೇಳಿಯಾಯ್ತಲ್ಲಪ್ಪ.” ಅವರು ಕುಳಿತರು. “ಕೈಕಾಲಿನ ಗಂಟು ನೋವು ನನಗೆ. ಬಿಸಿನೀರಲ್ಲಿ ಅರ್ಧ ಗಂಟೆ ಕೂತ್ರೆ ಆ ದಿನ ಬೆರಳು ಮಡಚಕ್ಕೆ ಬರೋದು. ಸಬ್ ಇನ್‌ಸ್ಪೆಕ್ಟ್ರೇ, ಯಾರೋ ಈ ಕೆಲಸ ಮಾಡಿದ್ದು ನನ್ನ ಸಲುವಾಗಿ ಅಂತೀರಾ?”

ಬಿಂದುಮಾಧವ ಅವರ ಮುಂದೆ ಬಂದು ನಿಂತರು. “ಹಾಗೇ ಕಾಣುತ್ತಮ್ಮ. ಸೋಮವಾರ ನೀವು ಯಾಕೆ ಇಳೀಲಿಲ್ಲ?”

“ಜ್ವರ ಅಂದೆ.”

“ಜ್ವರ ಇತ್ತಾ?”

ಮಹದೇವಮ್ಮ ತಲೆಯಾಡಿಸಿದರು. ಇಲ್ಲ.

“ಸುಳ್ಳು ಹೇಳಿದೆ. ಯಜಮಾನ್ರಿಗೆ ಹಂಗಂತ ಹೇಳಿ ಮಲಗೇ ಇದ್ದೆ. ಅವರು ಎರಡು ಸಲ ಬಂದು ನೋಡಿದ್ರು. ಆಮೇಲೆ ಹಿಂದುಗಡೆ ಹೋದ್ರು. ಕೂಗಿದ್ದು ಕೇಳಿಸ್ತು.” ಅವರ ದನಿ ಒಡೆಯಿತು. “ನಿಜ ಹೇಳಿದ್ರೆ ಅವರೂ ಅತ್ಲಾಗೆ ಹೋಗ್ತಿರಲಿಲ್ಲ. ಮೂರು ದಿನದಿಂದ ಅದೇ ಕೊರೀತಾ ಇದೆ ನನ್ನ.”

ಧರಣಿ ಅವರ ಮುಂದೆ ಕುಕ್ಕರಿಸಿದಳು. “ಯಾವ ನಿಜ ಅಮ್ಮಾ?”

ಮಹದೇವಮ್ಮ ತಮ್ಮ ಬಾತ ಕೈಯನ್ನು ಅವಳ ತಲೆಯ ಮೇಲಿಟ್ಟರು. ಆ ಕೈಯಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

“ನಿಮ್ಮಣ್ಣ ನನ್ನ ಜೀವ ಉಳಿಸ್ದ ಮಗಾ. ಅದನ್ನ ಹೇಳ್ಬೇಕು ಅಂತಲೇ ಇದ್ದೆ, ಆಸ್ಪತ್ರೇಲಿ ಯಾರೂ ಕೇಳಲಿಲ್ಲ. ಭಾನುವಾರ ಸಂಜೆ ಏಳು ಗಂಟೆಗೆ ಮನೋಹರ ಫೋನ್ ಮಾಡಿದ್ದ. ಕಾಯಿನ್ ಬೂತಿಂದ. ‘ಅಮ್ಮಾ, ನಾಳೆ ಬೆಳಗ್ಗೆ ತೊಟ್ಟೀಗೆ ಇಳೀಬೇಡಿ. ಯಾಕೆ ಅಂತ ಕೇಳಬೇಡಿ. ಯಾರಿಗೂ, ಯಜಮಾನ್ರಿಗೂ ಹೇಳಬೇಡಿ’ ಅಂದ. ಅಳ್ತಾ ಇದ್ದ ಅನ್ನಿಸ್ತು. ಲೈನು ಕಟ್ಟಾಯ್ತು.”

ಬಿಂದುಮಾಧವರ ಪೆನ್ನು ನಿಂತಿತು.

ಧರಣಿ ಗೋಡೆಯ ಪೆಟ್ಟಿಗೆಯ ಕಡೆ ನೋಡಿದಳು. ಒಂದು ಗಂಟೆಯ ಹಿಂದೆ ಅಣ್ಣನ ಮೇಲಿದ್ದದ್ದು ನಿರ್ಲಕ್ಷ್ಯದ ಕೇಸು. ಅದು ಕೊಲೆಯತ್ನ ಎಂದು ಸಾಧಿಸಿ ತೋರಿಸಿದವಳು ಅವಳೇ. ಇಬ್ಬರ ಕೈಕೆಲಸ ಎಂದವಳು ಅವಳೇ. ತಂತಿ ಕಟ್ಟಿದವನು ಕೆಲಸ ಕಲಿತವನು ಎಂದವಳೂ ಅವಳೇ.

“ಧರಣಿ,” ಬಿಂದುಮಾಧವ ಮೆಲ್ಲಗೆ ಕರೆದರು. ಇಷ್ಟು ಹೊತ್ತು ಜೊತೆಗೆ ಮಂಡಿಯೂರಿ ಪುಡಿ ನೋಡಿದ ಮನುಷ್ಯ ಅವರಲ್ಲಿ ಈಗಿರಲಿಲ್ಲ. “ಏನು ನಡೆಯುತ್ತೆ ಅಂತ ಮನೋಹರನಿಗೆ ಮುಂಚೆಯೇ ಗೊತ್ತಿತ್ತು. ಠಾಣೇಲಿ ನೀವು ಬರೆಸಿದ್ದು ಏನು? ಭಾನುವಾರ ಇಡೀ ದಿನ ಅಣ್ಣ ನನ್ನ ಜೊತೆ ಅಂಗಡೀಲೇ ಇದ್ದ, ಅಂತ. ಸಹಿ ಹಾಕಿದೀರಿ. ಅದು ನಿಜಾನಾ?”

ಹೌದು ಎಂದರೆ ಮುಗಿಯುತ್ತಿತ್ತು. ಅಣ್ಣ ಹಾಗೇ ಹೇಳು ಎಂದಿದ್ದ. ಕೈ ಮುಗಿದು ಹೇಳಿದ್ದ. ಅಂಗಡಿಯ ಕಡೆ ಭಾನುವಾರ ಗಿರಾಕಿಗಳ್ಯಾರೂ ಬಂದಿರಲಿಲ್ಲ, ಸುಳ್ಳು ಎನ್ನುವವರು ಯಾರೂ ಇರಲಿಲ್ಲ.

ತಲೆಯ ಮೇಲಿನ ಕೈ ಇನ್ನೂ ಅಲ್ಲೇ ಇತ್ತು. ಬೆಚ್ಚಗೆ. ಈ ಹೆಂಗಸನ್ನು ಸಾಯಿಸಲು ಹೊರಟವರು ಇನ್ನೂ ಎಲ್ಲೋ ಇದ್ದಾರೆ. ಇವತ್ತು ಸುಮ್ಮನಿದ್ದರೆ ನಾಳೆ ಇನ್ನೊಂದು ದಾರಿ ಹುಡುಕುತ್ತಾರೆ.

“ಸುಳ್ಳು ಸಾರ್,” ಎಂದಳು ಧರಣಿ.

ಬಿಂದುಮಾಧವ ನೋಟ್‌ಬುಕ್ಕಿನ ಹೊಸ ಹಾಳೆ ತೆರೆದರು.

“ಭಾನುವಾರ ಮಧ್ಯಾಹ್ನ ಅಂಗಡಿ ಮುಂದೆ ಒಂದು ಬಾಡಿಗೆ ಕಾರು ಬಂತು. ಅಣ್ಣ ಟೂಲ್ ಬ್ಯಾಗ್ ತಗೊಂಡು ಹತ್ಕೊಂಡು ಹೋದ. ಬಂದದ್ದು ರಾತ್ರಿ ಎಂಟಕ್ಕೆ. ಪ್ಯಾಂಟೆಲ್ಲ ಒದ್ದೆ. ಊಟ ಮಾಡ್ಲಿಲ್ಲ. ಏನೂ ಹೇಳ್ಲಿಲ್ಲ. ಸೋಮವಾರ ಸುದ್ದಿ ಕೇಳಿದ ಮೇಲೆ, ‘ನಾನು ನಿನ್ನ ಜೊತೇಲೇ ಇದ್ದೆ ಅಂತ ಹೇಳ್ಬುಡು’ ಅಂದ. ನಾನು ಹೇಳ್ಬುಟ್ಟೆ.”

“ಕಾರಲ್ಲಿ ಯಾರಿದ್ರು?”

ಧರಣಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಇಷ್ಟು ದಿನ ನಾನು ಹೇಳದೇ ಇದ್ದದ್ದು ಅದಕ್ಕೇ ಸಾರ್. ಕರೆಂಟು ಹೊಡೆಸ್ಕೊಂಡೋರ ಜೊತೇಲೇ ಅಣ್ಣ ಹಿಂದಿನ ದಿನ ಹೋಗಿದ್ದ ಅಂದ್ರೆ, ಇವನೇ ಏನೋ ಮಾಡಿದ ಅಂತೀರಿ ಅಂತ ಹೆದರಿದ್ದೆ. ತೊಟ್ಟಿ ಯಜಮಾನ್ರದ್ದು ಅಂತಲೇ ತಿಳ್ಕೊಂಡಿದ್ದೆ ನಾನು. ಈ ಅಮ್ಮಂದು ಅಂತ ಗೊತ್ತಾದದ್ದು ಈಗ.”

“ಯಾರಿದ್ರು, ಧರಣಿ?”

ಅವಳು ಮಹದೇವಮ್ಮನ ಮುಖ ನೋಡಲಿಲ್ಲ. ನೆಲ ನೋಡುತ್ತ ಹೇಳಿದಳು.

“ಏಕಾಂತಯ್ಯನವ್ರು. ಹಿಂದಿನ ಸೀಟಲ್ಲಿ. ಅವರೊಬ್ಬರೇ.”

ತಲೆಯ ಮೇಲಿದ್ದ ಕೈ ಮೆಲ್ಲಗೆ ಹಿಂದೆ ಸರಿಯಿತು.

“ಸಾಧ್ಯವೇ ಇಲ್ಲ!” ಸಿದ್ದಲಿಂಗಸ್ವಾಮಿ ಕೂಗಿದರು. “ಅಣ್ಣ ನಮ್ಮ ಜೊತೆ ಮಠದಲ್ಲಿದ್ದ! ಅತ್ತಿಗೆ, ಹೇಳಿ ಇವಳಿಗೆ!”

ಮಹದೇವಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು.

“ಪ್ರಸಾದ ಆದ ಮೇಲೆ ಅವರು ಕಾಣಿಸಲಿಲ್ಲ ಕಣಪ್ಪ,” ಎಂದರು. ದನಿಯಲ್ಲಿ ಬಿಸಿಯೂ ಇರಲಿಲ್ಲ, ನಡುಕವೂ ಇರಲಿಲ್ಲ. “ಸಂಜೆ ನಾವು ಹೊರಡೋ ಹೊತ್ತಿಗೆ ಬಂದು ಸೇರ್ಕೊಂಡ್ರು. ಗಂಡಸರ ಕಡೆ ಕೂತಿದ್ದೆ ಅಂದ್ರು. ನಾನು ಅಂಗೇ ಅನ್ಕೊಂಡೆ.”

ಒಳಗೆ ಫೋನು ಬಡಿದುಕೊಂಡಿತು. ನಾಲ್ಕನೆಯ ಸಲ ಬಡಿದಾಗ ಪಾರ್ವತಮ್ಮ ಓಡಿದಳು. ವಾಪಸ್ಸು ಬಂದ ಅವಳ ಮುಖ ಅರಳಿತ್ತು. ವರಾಂಡದಲ್ಲಿ ಏನು ನಡೆಯಿತೆಂದು ಪೂರ್ತಿ ಅರ್ಥವಾಗದೆ, ಖುಷಿಯಿಂದ ಏದುಸಿರು ಬಿಡುತ್ತ ನುಡಿದಳು.

“ಅಮ್ಮಾ, ಆಸ್ಪತ್ರೆಯಿಂದ! ಯಜಮಾನ್ರು ಕಣ್ಣು ಬಿಟ್ರಂತೆ! ಮಾತಾಡಿದ್ರಂತೆ! ನಿಮ್ಮನ್ನೇ ಕೇಳ್ತಾವ್ರಂತೆ. ಬೇರೆ ಯಾರೂ ಬೇಡ, ನಿಮ್ಮೊಬ್ಬರನ್ನೇ ಒಳಗೆ ಕಳಿಸಿ ಅಂತ ಹಟ ಹಿಡಿದವ್ರಂತೆ!”

ಬಿಂದುಮಾಧವ ಟೋಪಿ ಎತ್ತಿಕೊಂಡರು. “ಅಮ್ಮಾ, ನೀವು ಹೋಗಬೇಡಿ. ನಾನು ಮೊದಲು…”

ಮಹದೇವಮ್ಮ ಕುರ್ಚಿಯ ಕೈ ಹಿಡಿದು, ನೋವಿಗೆ ಹಲ್ಲು ಕಚ್ಚಿ, ತಾವಾಗಿಯೇ ಎದ್ದು ನಿಂತರು.

“ಆಟೋ ಕರೀರಿ,” ಎಂದರು. “ನಾನೊಬ್ಬಳೇ ಹೋಗ್ತೀನಿ.”